ಅಡ್ಡಹೆಸರು ಹೋಗಿ ಹೆಸರು ಬಂದ ಬಗೆ

ಶಿಕಾರಿಪುರದಿಂದ ಸೊರಬಕ್ಕೆ ಹೋಗುವ ದಾರಿಯಲ್ಲಿ ಶಿರಾಳಕೊಪ್ಪ ಸಿಕ್ಕುತ್ತದೆ. ಅದರ ಮಗ್ಗುಲಲ್ಲೇ ಬಳ್ಳಿಗಾವಿ. ಅಲ್ಲಿಯ ಕೇದಾರೇಶ್ವರ ದೇವಾಲಯಕ್ಕೆ ಸೇರಿದಂತೆ ಒಂದು ಕಾಲಕ್ಕೆ ಕೋಡಿಯ ಮಠವೆಂಬ ದೊಡ್ಡ ವಿದ್ಯಾಕೇಂದ್ರವಿತ್ತು. ಕಲಚುರಿ ಬಿಜ್ಜಳನ ಕಾಲದ, 1162ನೆಯ ಇಸವಿಯ ಶಾಸನವೊಂದು ಆ ಮಠವನ್ನು ವಿಸ್ತಾರವಾಗಿ ವರ್ಣಿಸುತ್ತದೆ. ಮೂವತ್ತು ವರ್ಷಕ್ಕೂ ಮಿಕ್ಕಿ ಕಾಲೇಜಿನಲ್ಲಿ ಕನ್ನಡ ಕಲಿಸಿದ ನಾನು ಈ ಶಾಸನವನ್ನು ಎಷ್ಟು ಸಲ ಪಾಠ ಹೇಳಿದೆನೋ ಲೆಕ್ಕವಿಲ್ಲ. ನಾಲ್ಕು ವೇದಗಳು, ಹಲವು ವ್ಯಾಕರಣ ಸಂಪ್ರದಾಯಗಳು, ದರ್ಶನಗಳು, ಹದಿನೆಂಟು ಪುರಾಣಗಳು, ಕಾವ್ಯ, ನಾಟಕ, ಹೀಗೆ ಅಲ್ಲಿ ಕಲಿಸುತ್ತಿದ್ದ ವಿದ್ಯೆಗಳ ಪಟ್ಟಿಯನ್ನು ವಿದ್ಯಾರ್ಥಿಗಳಿಂದ ಬಾಯಿಪಾಠ ಮಾಡಿಸುತ್ತಿದ್ದೆ. ಪಟ್ಟಿಯ ಮುಂದುವರಿದ ಭಾಗದಲ್ಲಿ ಇನ್ನೂ ಕೆಲವು ಮಾತುಗಳಿವೆ. ಆ ಮಠದಲ್ಲಿ ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು ಇವರಿಗೆಲ್ಲ ಅನ್ನ ದೊರೆಯುತ್ತಿತ್ತು. ದಿಕ್ಕಿಲ್ಲದ ರೋಗಿಗಳಿಗೆ ಔಷಧ ದೊರೆಯುತ್ತಿತ್ತು. ಹೆದರಿ ಬಂದ ಸಕಲ ಜೀವಿಗಳಿಗೂ ಅಭಯ ದೊರೆಯುತ್ತಿತ್ತು. ಈ ಭಾಗವನ್ನು ನಾನು ಬೇಗನೆ ದಾಟಿಸಿಬಿಡುತ್ತಿದ್ದೆ. ಅದು ಪರೀಕ್ಷೆಗೆ ಬರುವ ಭಾಗವಾಗಿರಲಿಲ್ಲ.

ಈ ದಿನ ನಾನು ಹೇಳಬೇಕೆಂದಿರುವುದು ಶಾಸನದ ವಿಷಯವಲ್ಲ. ಕೂತಲ್ಲಿ ಕೂರಲಾರದ, ಹೇಳಿದ್ದರ ಮೇಲೆ ಮನಸ್ಸು ನಿಲ್ಲಿಸಲಾರದ ಮಕ್ಕಳ ವಿಷಯ. ಹಾಗೆಯೇ ಬೆಳೆದು ದೊಡ್ಡವರಾದವರ ವಿಷಯ. ವೈದ್ಯಶಾಸ್ತ್ರ ಇದನ್ನು ಅಟೆನ್ಷನ್ ಡೆಫಿಸಿಟ್ ಹೈಪರ್‌ಆಕ್ಟಿವಿಟಿ ಡಿಸಾರ್ಡರ್ ಎನ್ನುತ್ತದೆ, ಚಿಕ್ಕದಾಗಿ ಎ.ಡಿ.ಎಚ್.ಡಿ. ಅವಧಾನದ ಕೊರತೆ ಮತ್ತು ಅತಿಚಟುವಟಿಕೆಯ ತೊಂದರೆ ಎಂದು ನಾವು ಹೇಳಿಕೊಳ್ಳಬಹುದು. ನಾನು ವೈದ್ಯನಲ್ಲ. ಆದರೆ ಈ ತೊಂದರೆಗೆ ಒಂದು ಚರಿತ್ರೆಯಿದೆ, ಆ ಚರಿತ್ರೆಯ ಒಂದು ಸಣ್ಣ ಪುಟದಲ್ಲಿ ನನ್ನ ಮನೆಯೂ ಸೇರಿದೆ. ಆದ್ದರಿಂದ ಮಾತಾಡುವ ಸಲಿಗೆ ತೆಗೆದುಕೊಂಡಿದ್ದೇನೆ.

ಮೊದಲು ಮಾತುಗಳನ್ನೇ ನೋಡೋಣ. ಕನ್ನಡದಲ್ಲಿ ಅವಧಾನ, ಗಮನ, ಲಕ್ಷ್ಯ, ನಿಗಾ ಎಂದು ಏಕಾಗ್ರತೆಯನ್ನು ಹೊಗಳುವ ಮಾತುಗಳಿವೆ. ಎಂಟು ಕಡೆಗೆ ಏಕಕಾಲಕ್ಕೆ ಮನಸ್ಸು ಕೊಡಬಲ್ಲವನನ್ನು ಅಷ್ಟಾವಧಾನಿಯೆಂದು ಸಭೆಯಲ್ಲಿ ಗೌರವಿಸುತ್ತೇವೆ. ಒಂದು ಕಡೆಗೂ ಕೊಡಲಾರದವನಿಗೆ ಏನೆನ್ನುತ್ತೇವೆ? ತುಂಟ, ಪೋಕರಿ, ಉಡಾಳ, ಮರೆಗುಳಿ, ಸೋಮಾರಿ, ಎಡಬಿಡಂಗಿ. ಅವನು ಕಾಲಿಗೆ ಚಕ್ರ ಕಟ್ಟಿಕೊಂಡವನು. ಹೆಣ್ಣುಮಗುವಾಗಿ ಹಿಂದಿನ ಸಾಲಿನಲ್ಲಿ ಸದ್ದಿಲ್ಲದೆ ಕಿಟಕಿಯಾಚೆ ನೋಡುತ್ತ ಕೂತರೆ ಅವಳು ಮಂಕು. ತೊಂದರೆಗೆ ಹೆಸರಿರಲಿಲ್ಲ, ಮಕ್ಕಳಿಗೆ ಅಡ್ಡಹೆಸರುಗಳು ಬೇಕಾದಷ್ಟಿದ್ದವು. ಈ ಅಡ್ಡಹೆಸರುಗಳಲ್ಲಿ ಒಂದೂ ತೊಂದರೆಯ ಕಡೆಗೆ ಬೆರಳು ತೋರಿಸುವುದಿಲ್ಲ, ಎಲ್ಲವೂ ಗುಣದ ಕಡೆಗೇ ತೋರಿಸುತ್ತವೆ.

ಹಾಗೆಂದು ಎಲ್ಲ ಚಂಚಲತೆಯೂ ಈ ತೊಂದರೆಯಲ್ಲ. ಬಸವಣ್ಣನವರು ತಮ್ಮ ಮನಸ್ಸನ್ನು ಕೊಂಬೆಯ ಮೇಲಿನ ಕೋತಿಗೆ ಹೋಲಿಸಿಕೊಂಡಿದ್ದಾರೆ. ಅದು ಮನುಷ್ಯಮಾತ್ರರೆಲ್ಲರ ಮನಸ್ಸಿನ ಮಾತು. ಅದಕ್ಕೆ ಸಾಧನೆಯೇ ಮದ್ದು. ಇನ್ನೊಂದು ಎಚ್ಚರವೂ ಬೇಕು. ನಮ್ಮ ತಾಳಗುಂದದ ಸ್ತಂಭಶಾಸನ ಮಯೂರಶರ್ಮನ ಕಥೆ ಹೇಳುತ್ತದೆ: ಕಂಚಿಯ ಘಟಿಕೆಗೆ ಓದಲು ಹೋದವನು ಅಲ್ಲಿ ಪಲ್ಲವರ ಅಶ್ವಾರೋಹಿಯೊಡನೆ ಜಗಳವಾಗಿ, ದರ್ಭೆ ಹಿಡಿದ ಕೈಯಲ್ಲಿ ಖಡ್ಗ ಹಿಡಿದ. ಓದು ಅರ್ಧಕ್ಕೆ ಬಿಟ್ಟ, ದುಡುಕಿದ ಎಂಬುದನ್ನೇ ಹಿಡಿದು ಸತ್ತವರಿಗೆ ಇಂದಿನ ರೋಗದ ಹೆಸರು ಹಚ್ಚುವ ಚಪಲ ಕೆಲವರಿಗಿದೆ. ಅದು ಚರಿತ್ರೆಯಲ್ಲ. ಎದುರಿಗೆ ಕೂರಿಸಿಕೊಂಡು, ನೂರು ಪ್ರಶ್ನೆ ಕೇಳಿ, ಆಮೇಲೆ ಹೇಳಬೇಕಾದ ಮಾತು ಅದು. ಹೀಗೆ ಕೇಳುವುದನ್ನು ಮನುಷ್ಯ ಕಲಿತುಕೊಂಡದ್ದು ಹೇಗೆ ಎಂಬುದೇ ಈ ಚರಿತ್ರೆಯ ತಿರುಳು.

ಯೂರೋಪಿನಲ್ಲಿ 1775ರಲ್ಲಿ ಜರ್ಮನ್ ವೈದ್ಯ ವೈಕಾರ್ಡ್ ಎಂಬಾತ ಅವಧಾನದ ಕೊರತೆಯನ್ನು ಕುರಿತು ಬರೆದ. ಅದಕ್ಕೆ ಕಾರಣ ಕೆಟ್ಟ ಸಾಕಣೆಯೆಂದು ಅವನ ಊಹೆ. ತಣ್ಣೀರು ಸ್ನಾನ, ಹುಳಿ ಹಾಲು, ಕುದುರೆ ಸವಾರಿ ಇವು ಅವನು ಹೇಳಿದ ಪರಿಹಾರಗಳಲ್ಲಿ ಕೆಲವು. 1798ರಲ್ಲಿ ಸ್ಕಾಟ್ಲೆಂಡಿನ ವೈದ್ಯ ಅಲೆಕ್ಸಾಂಡರ್ ಕ್ರೈಟನ್ ಇನ್ನೂ ಹತ್ತಿರಕ್ಕೆ ಬಂದ. ಮನೋವಿಕಾರಗಳನ್ನು ಕುರಿತ ತನ್ನ ಗ್ರಂಥದಲ್ಲಿ ಅವಧಾನ ಮತ್ತು ಅದರ ರೋಗಗಳಿಗೆಂದೇ ಒಂದು ಅಧ್ಯಾಯ ಮೀಸಲಿಟ್ಟು, ಕೆಲವರಿಗೆ ಇದು ಹುಟ್ಟಿನಿಂದಲೇ ಬರಬಹುದು, ಒಂದೇ ವಿಷಯದಲ್ಲಿ ನೆಲೆನಿಲ್ಲಲು ಅವರಿಗೆ ಆಗುವುದೇ ಇಲ್ಲ ಎಂದು ಗುರುತಿಸಿದ. 1840ರ ದಶಕದಲ್ಲಿ ಫ್ರಾಂಕ್‌ಫರ್ಟಿನ ವೈದ್ಯ ಹೈನ್ರಿಕ್ ಹಾಫ್ಮನ್ ತನ್ನ ಪುಟ್ಟ ಮಗನಿಗಾಗಿ ಚಿತ್ರಪುಸ್ತಕವೊಂದನ್ನು ತಯಾರಿಸಿದ. ಮುಂದೆ ಹೆಸರಾದ ಆ ಪುಸ್ತಕದಲ್ಲಿ ಫಿಲಿಪ್ ಎಂಬ ಹುಡುಗನಿದ್ದಾನೆ. ಊಟಕ್ಕೆ ಕೂತಲ್ಲಿ ಕುರ್ಚಿಯನ್ನು ತೂಗಾಡಿಸುತ್ತ, ಮೇಜಿನ ಬಟ್ಟೆಯ ಸಮೇತ ಊಟವನ್ನೆಲ್ಲ ಎಳೆದುಕೊಂಡು ಬೀಳುತ್ತಾನೆ. ಓದುವ ಮಕ್ಕಳು ನಗುತ್ತಾರೆ. ಅಪ್ಪ ಅಮ್ಮ ಮಾತ್ರ ನಗುವುದಿಲ್ಲ.

1902ನೆಯ ಇಸವಿ ನನಗೆ ವಿಶೇಷವಾಗಿ ಕಾಣುತ್ತದೆ. ಆ ವರ್ಷ ಬಿ. ಎಲ್. ರೈಸ್ ಅವರ ಎಪಿಗ್ರಾಫಿಯ ಕರ್ನಾಟಿಕದ ಏಳನೆಯ ಸಂಪುಟ ಹೊರಬಂತು. ಶಿಕಾರಿಪುರ ತಾಲ್ಲೂಕಿನ ಶಾಸನಗಳು, ಕೋಡಿಯ ಮಠದ ಶಾಸನವೂ ಸೇರಿ, ಅದರಲ್ಲಿವೆ. ಸೊರಬದವು 1904ರ ಎಂಟನೆಯ ಸಂಪುಟದಲ್ಲಿವೆ. ಅದೇ 1902ರಲ್ಲಿ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಫಿಜಿಷಿಯನ್ಸ್‌ನಲ್ಲಿ ಮಕ್ಕಳ ವೈದ್ಯ ಜಾರ್ಜ್ ಸ್ಟಿಲ್ ಮೂರು ಉಪನ್ಯಾಸಗಳನ್ನು ಕೊಟ್ಟ. ಬುದ್ಧಿಗೆ ಕೊರತೆಯಿಲ್ಲದಿದ್ದರೂ ತಮ್ಮನ್ನು ತಾವು ಹತೋಟಿಯಲ್ಲಿಟ್ಟುಕೊಳ್ಳಲಾರದ ಮಕ್ಕಳನ್ನು ಅವನು ವಿವರಿಸಿದ. ಒಳ್ಳೆಯ ಮನೆಯಲ್ಲಿ ಬೆಳೆದವರಲ್ಲೂ ಇದು ಕಾಣುವುದರಿಂದ ಇದರ ಬೇರು ಸಾಕಣೆಯಲ್ಲಿಲ್ಲ, ಶರೀರದಲ್ಲಿರಬೇಕೆಂದು ವಾದಿಸಿದ. ಆದರೂ ಅವನು ಇಟ್ಟ ಹೆಸರು ನೈತಿಕ ಹತೋಟಿಯ ದೋಷವೆಂದು. ತಪ್ಪು ಹೊರಿಸುವ ಅಭ್ಯಾಸ ಪಂಡಿತರ ಬಾಯಿಂದಲೂ ಅಷ್ಟು ಸುಲಭವಾಗಿ ಹೋಗುವುದಿಲ್ಲ.

ಔಷಧದ ಕಥೆ ಅನಿರೀಕ್ಷಿತವಾದದ್ದು. ಅಮೆರಿಕದ ರೋಡ್ ಐಲೆಂಡಿನಲ್ಲಿ ಬ್ರಾಡ್ಲಿ ಎಂಬ ದಂಪತಿಗಳಿದ್ದರು. ಅವರ ಮಗಳು ಎಮ್ಮಾ ಎಳವೆಯಲ್ಲಿ ಮಿದುಳಿನ ಉರಿಯೂತಕ್ಕೆ ತುತ್ತಾಗಿ ಅಂಗವಿಕಲಳಾದಳು. ಅಂಥ ಮಕ್ಕಳಿಗಾಗಿ ಅವರು ತಮ್ಮ ಆಸ್ತಿಯನ್ನು ಬಿಟ್ಟುಕೊಟ್ಟರು. 1931ರಲ್ಲಿ ಅವಳ ಹೆಸರಿನ ಆಸ್ಪತ್ರೆ ತೆರೆಯಿತು. ಅಲ್ಲಿಯ ವೈದ್ಯ, ಅದೇ ಮನೆತನದ ಚಾರ್ಲ್ಸ್ ಬ್ರಾಡ್ಲಿ, ಮಕ್ಕಳಿಗೆ ಮಾಡುತ್ತಿದ್ದ ಒಂದು ಪರೀಕ್ಷೆಯಿಂದ ವಿಪರೀತ ತಲೆನೋವು ಬರುತ್ತಿದ್ದುದನ್ನು ಕಂಡು ಬೆಂಜೆಡ್ರಿನ್ ಎಂಬ ಚುರುಕುಗೊಳಿಸುವ ಔಷಧವನ್ನು ಕೊಟ್ಟ. ತಲೆನೋವು ಹೋಗಲಿಲ್ಲ. ಆದರೆ ಕೆಲವು ಮಕ್ಕಳು ಪಾಠದಲ್ಲಿ ಮನಸ್ಸಿಟ್ಟು ಕೂರತೊಡಗಿದರು. 1937ರಲ್ಲಿ ಅವನು 30 ಮಕ್ಕಳ ಅನುಭವವನ್ನು ಪ್ರಕಟಿಸಿದ. ಅವರಲ್ಲಿ ಸುಮಾರು ಅರ್ಧದಷ್ಟು ಮಕ್ಕಳ ಓದಿನಲ್ಲಿ ಎದ್ದುಕಾಣುವ ಬದಲಾವಣೆಯಾಗಿತ್ತು. ಮಕ್ಕಳೇ ಅದನ್ನು ಲೆಕ್ಕದ ಗುಳಿಗೆಯೆಂದು ಕರೆದರಂತೆ. 1944ರಲ್ಲಿ ಸ್ವಿಟ್ಜರ್ಲೆಂಡಿನ ರಸಾಯನಶಾಸ್ತ್ರಜ್ಞ ಪಾನಿಜ್ಜೋನ್ ಮೀಥೈಲ್‌ಫೆನಿಡೇಟ್ ಎಂಬುದನ್ನು ತಯಾರಿಸಿದ. ಹೆಂಡತಿಯ ಮುದ್ದಿನ ಹೆಸರು ರೀಟಾ. ಅದರಿಂದಲೇ ಔಷಧಕ್ಕೆ ರಿಟಾಲಿನ್ ಎಂಬ ಹೆಸರಾಯಿತು. ಇಂದಿಗೂ ಈ ತೊಂದರೆಯ ಮುಖ್ಯ ಔಷಧಗಳಲ್ಲಿ ಅದೊಂದು.

ಚುರುಕುಗೊಳಿಸುವ ಔಷಧ ಮೊದಲೇ ಚುರುಕಾದ ಮಗುವನ್ನು ಹೇಗೆ ಕೂರಿಸುತ್ತದೆ? ನಮ್ಮ ಸೀಮೆಯ ಕೆರೆಯ ಉಪಮೆಯಿಂದ ಹೇಳುತ್ತೇನೆ. ಕೆರೆಯಲ್ಲಿ ನೀರು ಬೇಕಾದಷ್ಟಿದೆ, ತೂಬು ಮಾತ್ರ ಕೈಗೆ ಬಗ್ಗುವುದಿಲ್ಲ. ನೀರು ಗದ್ದೆಗೆ ಹೋಗುವ ಬದಲು ಸಿಕ್ಕಸಿಕ್ಕಲ್ಲಿ ಹರಿದುಹೋಗುತ್ತದೆ. ಯಾವುದನ್ನು ಬಿಡಬೇಕು, ಯಾವುದನ್ನು ತಡೆಯಬೇಕು ಎಂದು ನೋಡಿಕೊಳ್ಳುವುದು ಮಿದುಳಿನ ಮುಂಭಾಗ. ಅಲ್ಲಿ ಡೋಪಮಿನ್, ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕಗಳ ಕೆಲಸವನ್ನು ಈ ಔಷಧ ಹೆಚ್ಚಿಸುತ್ತದೆ. ಎಂದರೆ ಅದು ಚುರುಕುಗೊಳಿಸುವುದು ನೀರನ್ನಲ್ಲ, ತೂಬುಗಾರನನ್ನು.

ಹೆಸರೂ ಮೆಲ್ಲಮೆಲ್ಲನೆ ಬದಲಾಯಿತು. ಅಮೆರಿಕದ ಮನೋವೈದ್ಯರ ಕೈಪಿಡಿ 1968ರಲ್ಲಿ ಮಕ್ಕಳ ಅತಿಚಟುವಟಿಕೆಯನ್ನಷ್ಟೇ ಹೇಳಿತು. ಕೆನಡಾದ ವರ್ಜೀನಿಯಾ ಡಗ್ಲಾಸ್ 1972ರಲ್ಲಿ, ಓಡಾಟಕ್ಕಿಂತ ಅವಧಾನದ ಕೊರತೆಯೇ ಮೂಲವೆಂದು ತೋರಿಸಿಕೊಟ್ಟರು. 1980ರಲ್ಲಿ ಅವಧಾನ ಹೆಸರಿನಲ್ಲಿ ಸೇರಿತು. 1987ರಲ್ಲಿ ಈಗಿನ ಹೆಸರು ಬಂತು. ದೊಡ್ಡವರಾದ ಮೇಲೆ ಇದು ತಾನೇ ಹೋಗುತ್ತದೆಂಬ ನಂಬಿಕೆ ಬಹುಕಾಲ ಉಳಿದಿತ್ತು. 1970ರ ದಶಕದಲ್ಲಿ ಪಾಲ್ ವೆಂಡರ್ ಮೊದಲಾದವರು ವಯಸ್ಕರನ್ನು ಪರೀಕ್ಷಿಸಿ ಅದನ್ನು ಪ್ರಶ್ನಿಸಿದರು. ಓಡಾಟ ನಿಲ್ಲುತ್ತದೆ, ಒಳಗಿನ ಚಡಪಡಿಕೆ, ಮರೆವು, ಕೆಲಸ ಅರ್ಧಕ್ಕೆ ಬಿಡುವುದು ಎಷ್ಟೋ ಮಂದಿಯಲ್ಲಿ ಉಳಿಯುತ್ತದೆ. 2013ರ ಕೈಪಿಡಿ ವಯಸ್ಕರಿಗೆ ತಕ್ಕ ಮಾನದಂಡವನ್ನೇ ಕೊಟ್ಟಿತು. ಲೋಕದಾದ್ಯಂತ ಮಕ್ಕಳಲ್ಲಿ ನೂರಕ್ಕೆ ಸುಮಾರು 5, ದೊಡ್ಡವರಲ್ಲಿ ನೂರಕ್ಕೆ ಎರಡೂವರೆ ಎಂಬುದು ಸಾಮಾನ್ಯವಾಗಿ ಒಪ್ಪಿದ ಅಂದಾಜು. 40 ಮಕ್ಕಳ ತರಗತಿಯಲ್ಲಿ ಇಬ್ಬರು. ನನ್ನ ಸೇವೆಯ ಅವಧಿಯಲ್ಲಿ ಅಂಥ ಎಷ್ಟು ಜನ ನನ್ನ ಮುಂದೆ ಕೂತು ಎದ್ದುಹೋದರೋ!

ನಮ್ಮ ನಾಡಿನಲ್ಲಿ ಈ ಬೆಳಕು ಬಂದ ದಾರಿಯನ್ನೂ ಹೇಳಬೇಕು. ಬೆಂಗಳೂರಿನ ಹಳೆಯ ಹುಚ್ಚಾಸ್ಪತ್ರೆಗೆ ಮೈಸೂರು ಸಂಸ್ಥಾನದ ಕಾಲದಲ್ಲಿ, 1925ರಲ್ಲಿ, ಮಾನಸಿಕ ಆಸ್ಪತ್ರೆಯೆಂಬ ಹೆಸರಾಯಿತು. ಅದರ ಪಕ್ಕದಲ್ಲಿ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಹುಟ್ಟಿತು. 1974ರಲ್ಲಿ ಎರಡೂ ಸೇರಿ ನಿಮ್ಹಾನ್ಸ್ ಆಯಿತು. ಮನೋವೈದ್ಯರು ರಾಜಧಾನಿಯಲ್ಲಿ ಕೂತರೆ ಸಾಲದೆಂದು 1985ರಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಮೂಲಕವೇ ಚಿಕಿತ್ಸೆ ಕೊಡುವ ಪ್ರಯೋಗ ನಡೆಯಿತು. ಅದೇ ಮಾದರಿ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಯಿತು. 2014ರಲ್ಲಿ ಕರ್ನಾಟಕ ಸರ್ಕಾರ ಮನೋಚೈತನ್ಯವೆಂಬ ಹೆಸರಿನಲ್ಲಿ, ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೇ ಮನೋವೈದ್ಯರು ಬರುವ ಏರ್ಪಾಡನ್ನು ಆರಂಭಿಸಿತು.

ಇದರ ಜೊತೆಗೆ ನಡೆದದ್ದು ಕನ್ನಡದ ಕೆಲಸ. ಕೊರವಂಜಿಯ ರಾಶಿ, ಎಂದರೆ ಡಾ. ಎಂ. ಶಿವರಾಂ ಅವರ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಾಗ, ಮನೋರೋಗದ ವಿಷಯವೂ ಸಾಹಿತ್ಯವಾಗಬಲ್ಲದೆಂದು ನಮ್ಮಂಥವರಿಗೆ ತಿಳಿಯಿತು. ನಿಮ್ಹಾನ್ಸಿನ ಡಾ. ಸಿ. ಆರ್. ಚಂದ್ರಶೇಖರ್ ಸಣ್ಣಸಣ್ಣ ಪುಸ್ತಕಗಳಲ್ಲಿ ಮನಸ್ಸಿನ ವಿಷಯವನ್ನು ಹಳ್ಳಿಯ ಓದುಗನ ಕೈಗಿಟ್ಟರು. ನಮ್ಮ ಜಿಲ್ಲೆಯವರೇ ಆದ ಶಿವಮೊಗ್ಗದ ಮನೋವೈದ್ಯ ದಿವಂಗತ ಡಾ. ಅಶೋಕ್ ಪೈ ಲೇಖನದಿಂದಲೂ, 1988ರ ‘ಕಾಡಿನ ಬೆಂಕಿ’ಯಂಥ ಚಲನಚಿತ್ರದಿಂದಲೂ ಅದೇ ಕೆಲಸ ಮಾಡಿದರು. ಇದನ್ನೆಲ್ಲ ನಾನು ಓದಿದ್ದೆ, ನೋಡಿದ್ದೆ, ಮೆಚ್ಚಿ ಮಾತಾಡಿದ್ದೆ. ನನ್ನ ಮನೆಗೆ ಮಾತ್ರ ಅನ್ವಯಿಸಿಕೊಂಡಿರಲಿಲ್ಲ.

ಈಗ ಮನೆಯ ಮಾತಿಗೆ ಬರುತ್ತೇನೆ. ನಾನು ನಿವೃತ್ತನಾಗಿ ಶಿಕಾರಿಪುರದಲ್ಲಿದ್ದೇನೆ. ಮಗ ಸೊರಬದಲ್ಲಿ ಪಂಪ್‌ಸೆಟ್ ರಿಪೇರಿಯ ಅಂಗಡಿ ಇಟ್ಟುಕೊಂಡಿದ್ದಾನೆ. ಮೊಮ್ಮಗ ಮೂರನೆಯ ತರಗತಿಗೆ ಬಂದಾಗ ಶಾಲೆಯಿಂದ ದೂರುಗಳು ಬರತೊಡಗಿದವು. ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಕೂಗುತ್ತಾನೆ, ಪಕ್ಕದವರ ಪುಸ್ತಕ ಎಳೆಯುತ್ತಾನೆ, ವಾರಕ್ಕೆರಡು ಪೆನ್ಸಿಲ್ ಬಾಕ್ಸು ಕಳೆಯುತ್ತಾನೆ. ನನ್ನ ಹೆಂಡತಿ ಚಂದ್ರಗುತ್ತಿಯ ರೇಣುಕಾಂಬೆಗೆ ಹರಕೆ ಹೊತ್ತಳು. ನಾನು, ‘ಎರಡು ಬಿಗಿದರೆ ಸರಿಹೋಗುತ್ತಾನೆ’ ಎಂದೆ. ಸೊಸೆ ಎಂದೂ ನನಗೆ ಎದುರಾಡಿದವಳಲ್ಲ. ಅವತ್ತು, ‘ಮಾವ, ಇವನ ಅಪ್ಪನಿಗೆ ನೀವು ಬೇಕಾದಷ್ಟು ಬಿಗಿದಿದ್ದೀರಂತಲ್ಲ, ಸರಿಹೋದರಾ?’ ಎಂದಳು. ನಾನು ಉತ್ತರ ಕೊಡಲಿಲ್ಲ. ಮುಂದಿನ ವಾರ ಎಲ್ಲರೂ ಶಿವಮೊಗ್ಗದ ಮನೋವೈದ್ಯರೊಬ್ಬರಲ್ಲಿಗೆ ಹೋದೆವು.

ಹೋಗುವಾಗ ನನಗೆ ಅಳುಕಿತ್ತು, ಸುಳ್ಳೇಕೆ ಹೇಳಲಿ? ಪರಿಚಯದವರು ಕಂಡಾರೆಂದು ಮುಖ ಮರೆಸಿಕೊಂಡೆ. ನಮ್ಮ ಶಿಕಾರಿಪುರದ ಆಂಜನೇಯನಿಗೆ ಹುಚ್ಚರಾಯಸ್ವಾಮಿ ಎಂದೂ ಭ್ರಾಂತೇಶ ಎಂದೂ ಹೆಸರು. ಆ ಹೆಸರನ್ನು ಮಕ್ಕಳಿಗಿಡುತ್ತೇವೆ, ತೇರು ಎಳೆಯುತ್ತೇವೆ, ಯಾರಿಗೂ ನಾಚಿಕೆಯಿಲ್ಲ. ಮನಸ್ಸಿನ ವೈದ್ಯರ ಮೆಟ್ಟಿಲು ಹತ್ತಲು ಮಾತ್ರ ನಾಚಿಕೆ!

ಅಲ್ಲಿ ನಡೆದುದನ್ನು ಮೌಲ್ಯಮಾಪನವೆನ್ನುತ್ತಾರೆ. ನಮಗೆ ಆ ಮಾತೆಂದರೆ ಉತ್ತರಪತ್ರಿಕೆಯ ಕಟ್ಟು ನೆನಪಾಗುತ್ತದೆ. ಇಲ್ಲಿ ಅಂಕಗಳಿಲ್ಲ. ಈ ತೊಂದರೆಯನ್ನು ಖಚಿತವಾಗಿ ಹೇಳುವ ರಕ್ತಪರೀಕ್ಷೆಯಿಲ್ಲ, ಸ್ಕ್ಯಾನಿಂಗ್ ಇಲ್ಲ, ಕೇಳುವುದೇ ಪರೀಕ್ಷೆ. ಮೊದಲು ಕಣ್ಣು, ಕಿವಿ ನೋಡಿದರು, ಏಕೆಂದರೆ ಕಿವಿ ಕೇಳದ ಮಗುವೂ ಗಮನವಿಲ್ಲದಂತೆ ಕಾಣುತ್ತದೆ. ನಿದ್ರೆ ಹೇಗೆ, ಮೂರ್ಛೆ ಬಂದದ್ದುಂಟೆ, ಮನೆಯಲ್ಲಿ ಜಗಳವೇನಾದರೂ ಉಂಟೆ ಎಂದು ಕೇಳಿದರು. ಓದು ಬರಹದ ತೊಂದರೆಯೂ ಜೊತೆಗಿದೆಯೇ ಎಂದು ಮನಶ್ಶಾಸ್ತ್ರಜ್ಞೆಯೊಬ್ಬರು ಬೇರೆ ದಿನ ನೋಡಿದರು. ತಾಯಿತಂದೆಗಳಿಗೊಂದು, ಶಾಲೆಯ ಮೇಡಂ ಅವರಿಗೊಂದು ಪ್ರಶ್ನಾವಳಿ ಕೊಟ್ಟರು. ಲಕ್ಷಣಗಳು ಹನ್ನೆರಡು ವರ್ಷದೊಳಗೇ ಕಂಡಿರಬೇಕು, ಕನಿಷ್ಠ ಆರು ತಿಂಗಳು ಇರಬೇಕು, ಮನೆ ಮತ್ತು ಶಾಲೆಯಂತೆ ಎರಡು ಕಡೆಯಾದರೂ ತೋರಬೇಕು, ಬದುಕಿಗೆ ಅಡ್ಡಿಯಾಗಿರಬೇಕು. ಮಕ್ಕಳಲ್ಲಾದರೆ ಗಮನದ ಒಂಬತ್ತು ಲಕ್ಷಣಗಳಲ್ಲಿ ಆರು, ಇಲ್ಲವೆ ಚಟುವಟಿಕೆಯ ಒಂಬತ್ತರಲ್ಲಿ ಆರು. ಹದಿನೇಳು ದಾಟಿದವರಿಗೆ ಐದು. ಸವೆದ ಶಾಸನವನ್ನು ಹಲವು ಪಡಿಯಚ್ಚು ತೆಗೆದು ಹೋಲಿಸಿ ಓದುವ ಹಾಗಿತ್ತು ಆ ಕ್ರಮ. ಯಾವ ಒಂದು ಸಾಕ್ಷಿಯನ್ನೂ ಅವರು ಪೂರ್ತಿ ನಂಬಲಿಲ್ಲ, ಯಾವುದನ್ನೂ ತಳ್ಳಿಹಾಕಲಿಲ್ಲ.

ವೈದ್ಯರು ಒಂದೊಂದೇ ಪ್ರಶ್ನೆ ಕೇಳುತ್ತಿದ್ದರು. ‘ಹಿಡಿದ ಕೆಲಸ ಅರ್ಧಕ್ಕೆ ಬಿಡ್ತಾನಾ? ವಸ್ತುಗಳನ್ನ ಕಳ್ಕೊಳ್ತಾನಾ? ಸರದಿ ಕಾಯೋದು ಕಷ್ಟವಾ?’ ನನ್ನ ಮಗ ಹೂಂಗುಡುತ್ತ ಬಂದ. ನಡುವೆ ಸುಮ್ಮನಾಗಿ, ‘ಸಾರ್, ನೀವು ಕೇಳ್ತಿರೋದು ಇವನ ವಿಚಾರವೋ ನನ್ನ ವಿಚಾರವೋ?’ ಎಂದ. ವೈದ್ಯರು ನಗಲಿಲ್ಲ. ಈ ತೊಂದರೆ ಬಹುಮಟ್ಟಿಗೆ ವಂಶದಲ್ಲಿ ಹರಿದುಬರುತ್ತದೆ, ಮಗುವನ್ನು ತೋರಿಸಲು ಬಂದ ತಾಯಿತಂದೆಗಳು ತಮ್ಮನ್ನೇ ಕಂಡುಕೊಳ್ಳುವುದು ಅಪರೂಪವಲ್ಲ ಎಂದರು. ಆಮೇಲೆ ನನ್ನ ಕಡೆ ತಿರುಗಿ, ‘ಇವರು ಚಿಕ್ಕವರಿದ್ದಾಗ ಹೇಗಿದ್ದರು?’ ಎಂದು ಕೇಳಿದರು. ವಯಸ್ಕರಲ್ಲಿ ಇದನ್ನು ಗುರುತಿಸಬೇಕಾದರೆ ಬಾಲ್ಯದ ಸಾಕ್ಷಿ ಬೇಕು. ಆ ಸಾಕ್ಷಿ ನಾನಾಗಿದ್ದೆ.

ಮನೆಗೆ ಬಂದು ಕಬ್ಬಿಣದ ಟ್ರಂಕಿನಿಂದ ಮಗನ ಹಳೆಯ ಅಂಕಪಟ್ಟಿಗಳನ್ನು ತೆಗೆದೆ. ಎರಡನೆಯ ತರಗತಿಯಿಂದ ಏಳನೆಯವರೆಗೆ ಬೇರೆಬೇರೆ ಉಪಾಧ್ಯಾಯರು ಕೆಂಪು ಶಾಯಿಯಲ್ಲಿ ಒಂದೇ ಮಾತನ್ನು ಬರೆದಿದ್ದರು: ಬುದ್ಧಿವಂತ, ಆದರೆ ಗಮನವಿಲ್ಲ. ಪ್ರತಿಯೊಂದರ ಕೆಳಗೂ ಪೋಷಕರ ಸಹಿ. ನನ್ನ ಸಹಿ. ಎಂಟುನೂರು ವರ್ಷದ ಹಿಂದಿನ ಕಲ್ಲಿನ ಬರಹವನ್ನು ಅಕ್ಷರಕ್ಷರ ಬಿಡಿಸುತ್ತಿದ್ದವನು ಈ ಆರು ಸಾಲುಗಳನ್ನು ಓದದೆಯೇ ರುಜು ಹಾಕಿದ್ದೆ. ಓದಿದ್ದರೂ ಅದನ್ನು ಹೊಡೆಯುವುದಕ್ಕೆ ಅಪ್ಪಣೆಯೆಂದು ತಿಳಿದಿದ್ದೆ. ಅವನು ಬಿ.ಎಸ್ಸಿ. ಬಿಟ್ಟ, ಮೂರು ಕಡೆ ಕೆಲಸ ಹಿಡಿದು ಬಿಟ್ಟ, ಸೊಸೈಟಿಯ ಸಾಲದ ಗಡುವನ್ನು ಹಣವಿದ್ದೂ ಮರೆತು ಬಡ್ಡಿ ತೆತ್ತ. ಪ್ರತಿ ಸಲವೂ ನಾನು ಬೇಜವಾಬ್ದಾರಿಯೆಂದೆ. ಕೆಟ್ಟ ಮೋಟಾರಿನ ಮುಂದೆ ಮಾತ್ರ ಅವನು ಊಟ ಮರೆತು ಕೂರಬಲ್ಲ. ಮನಸ್ಸಿದ್ದರೆ ಆಗುತ್ತದಲ್ಲ ಎಂದು ಅದನ್ನೂ ಅವನ ವಿರುದ್ಧದ ಸಾಕ್ಷಿಯಾಗಿಯೇ ಬಳಸಿದ್ದೆ. ಹಿಡಿಸಿದ್ದರಲ್ಲಿ ಮುಳುಗಿಹೋಗುವುದೂ ಈ ತೊಂದರೆಯವರಲ್ಲಿ ಕಾಣುವಂಥದೇ ಎಂದು ವೈದ್ಯರು ಹೇಳಿದರು. ಅಂಕಪಟ್ಟಿಗಳನ್ನು ಅವರ ಮೇಜಿನ ಮೇಲಿಟ್ಟಾಗ ಮಗ ಅವನ್ನು ನೋಡಲಿಲ್ಲ. ನನ್ನ ಮುಖ ನೋಡಿದ.

ಚಿಕಿತ್ಸೆ ಪವಾಡವಲ್ಲ. ಆರು ವರ್ಷದೊಳಗಿನ ಮಕ್ಕಳಿಗೆ ಮೊದಲು ತಾಯಿತಂದೆಗಳಿಗೆ ತರಬೇತಿ ಕೊಡುತ್ತಾರೆ. ದೊಡ್ಡ ಮಕ್ಕಳಿಗೆ ಅಗತ್ಯ ಕಂಡರೆ ಔಷಧವೂ ಸೇರುತ್ತದೆ. ಅಮೆರಿಕದಲ್ಲಿ 579 ಮಕ್ಕಳ ಮೇಲೆ 14 ತಿಂಗಳು ನಡೆದು 1999ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಎಚ್ಚರದಿಂದ ಕೊಟ್ಟ ಔಷಧವೇ ಮುಖ್ಯ ಲಕ್ಷಣಗಳಿಗೆ ಹೆಚ್ಚು ಫಲ ಕೊಟ್ಟಿತು; ವರ್ಷಗಳು ಕಳೆದಂತೆ ಗುಂಪುಗಳ ನಡುವಿನ ಅಂತರ ಕಡಿಮೆಯಾಯಿತು. ಔಷಧದಿಂದ ಹಸಿವು, ನಿದ್ರೆ ಕಡಿಮೆಯಾಗಬಹುದು. ಆದ್ದರಿಂದ ಎತ್ತರ, ತೂಕ, ನಾಡಿ, ರಕ್ತದೊತ್ತಡ ನೋಡುತ್ತಿರಬೇಕು. ಮೀಥೈಲ್‌ಫೆನಿಡೇಟ್ 1985ರ ಮಾದಕದ್ರವ್ಯ ಕಾಯ್ದೆಯ ಹತೋಟಿಗೆ ಒಳಪಟ್ಟದ್ದರಿಂದ ವೈದ್ಯರ ಚೀಟಿಯಿಲ್ಲದೆ ಸಿಕ್ಕುವುದಿಲ್ಲ, ಎಲ್ಲ ಔಷಧದಂಗಡಿಯಲ್ಲೂ ಇರುವುದಿಲ್ಲ. ಅದು ಹೊಂದದವರಿಗೆ ಅಟಮಾಕ್ಸೆಟಿನ್‌ನಂಥ ಬೇರೆ ಔಷಧಗಳಿವೆ. ಅದರ ಗುಣ ಕಾಣಲು ಕೆಲವು ವಾರ ಬೇಕು. ಮೊಮ್ಮಗನನ್ನು ಮುಂದಿನ ಬೆಂಚಿನಲ್ಲಿ ಕೂರಿಸಿದ್ದಾರೆ. ಮನೆಪಾಠವನ್ನು ಹತ್ತು ಹತ್ತು ನಿಮಿಷದ ತುಂಡುಗಳಾಗಿ ಮಾಡಿಸುತ್ತೇವೆ. ಮಧ್ಯಾಹ್ನದ ಡಬ್ಬಿ ಉಳಿಸಿಕೊಂಡು ಬರುತ್ತಾನೆ, ರಾತ್ರಿ ಅಜ್ಜಿ ಅದನ್ನು ತೀರಿಸುತ್ತಾಳೆ. ಹರಕೆಯನ್ನೂ ಅವಳು ತೀರಿಸಿ ಬಂದಳು; ನಾನು ಬೇಡವೆನ್ನಲಿಲ್ಲ. ಮಗನೂ ಔಷಧ ತೆಗೆದುಕೊಳ್ಳುತ್ತಾನೆ, ಅಂಗಡಿಯ ಗೋಡೆಗೆ ಗಡುವುಗಳ ಪಟ್ಟಿ ತೂಗುಹಾಕಿದ್ದಾನೆ. ಈಗಲೂ ಬೈಕಿನ ಕೀಲಿ ಹುಡುಕುತ್ತಾನೆ, ಆದರೆ ಹುಡುಕುವಾಗ ತನ್ನನ್ನು ತಾನೇ ಬೈದುಕೊಳ್ಳುವುದಿಲ್ಲ.

‘ನಮ್ಮ ಕಾಲದಲ್ಲಿ ಇದೆಲ್ಲ ಎಲ್ಲಿತ್ತು?’ ಎಂದು ನನ್ನ ವಯಸ್ಸಿನವರು ಕೇಳುತ್ತಾರೆ. ಇತ್ತು, ಅಂಥ ಮಕ್ಕಳು ಶಾಲೆ ಬಿಟ್ಟು ದನ ಕಾಯಲು ಹೋಗುತ್ತಿದ್ದರು, ನಮಗೆ ಕಾಣುತ್ತಿರಲಿಲ್ಲ. ಹಾಗೆಂದು ಓಡಾಡುವ ಪ್ರತಿ ಮಗುವಿಗೂ ಗುಳಿಗೆ ಬೇಕೆಂದು ನಾನು ಹೇಳುತ್ತಿಲ್ಲ. ತರಗತಿಯಲ್ಲಿ ಎಲ್ಲರಿಗಿಂತ ಚಿಕ್ಕ ವಯಸ್ಸಿನ ಮಕ್ಕಳಿಗೇ ಈ ಹೆಸರು ಹೆಚ್ಚಾಗಿ ಅಂಟುತ್ತದೆಂದು ಹಲವು ದೇಶಗಳ ಅಧ್ಯಯನಗಳು ತೋರಿಸಿವೆ. ಎಳೆತನವನ್ನು ರೋಗವೆನ್ನುವುದೂ ತಪ್ಪೇ. ಅದಕ್ಕೇ ಅವಸರವಿಲ್ಲದ ಮೌಲ್ಯಮಾಪನ ಬೇಕಾಗಿರುವುದು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲಿ ಈ ತೊಂದರೆಯ ಹೆಸರಿದೆ. ಶಾಲೆ, ಅಂಗನವಾಡಿಗೆ ಬರುವ ಅದರ ವೈದ್ಯತಂಡವನ್ನು ಉಪಾಧ್ಯಾಯರು ಕೇಳಬಹುದು. 2022ರಲ್ಲಿ ಆರಂಭವಾದ ಟೆಲಿ ಮನಸ್‌ನ 14416 ಸಂಖ್ಯೆಗೆ ಕನ್ನಡದಲ್ಲೇ ಕರೆ ಮಾಡಿ ದಾರಿ ಕೇಳಬಹುದು. ಹೊಡೆಯುವುದನ್ನಂತೂ 2009ರ ಶಿಕ್ಷಣ ಹಕ್ಕು ಕಾಯ್ದೆ ಶಾಲೆಯಲ್ಲಿ ನಿಷೇಧಿಸಿದೆ. ಮನೆಯಲ್ಲಿ ಅದನ್ನು ನಿಷೇಧಿಸಬೇಕಾದವರು ನಾವೇ.

ಮೊನ್ನೆ ಮಗ, ಮೊಮ್ಮಗ, ನಾನು ಮೂವರೂ ಬಳ್ಳಿಗಾವಿಗೆ ಹೋಗಿದ್ದೆವು. ಹುಡುಗ ದೇವಾಲಯದ ಸುತ್ತ ನಾಲ್ಕು ಸಲ ಓಡಿ ಬಂದು, ‘ತಾತ, ಆ ಕಲ್ಲಿನಲ್ಲಿ ಏನು ಬರೆದಿದೆ?’ ಎಂದು ಕೇಳಿದ. ವೇದ, ವ್ಯಾಕರಣಗಳ ಪಟ್ಟಿ ಹೇಳುವಷ್ಟು ಹೊತ್ತು ಅವನು ನಿಲ್ಲಲಾರನೆಂದು ನನಗೆ ಗೊತ್ತಿತ್ತು. ಆದ್ದರಿಂದ ಕೋಡಿಯ ಮಠದ ಶಾಸನದ ಆ ಮುಂದಿನ ಭಾಗವನ್ನೇ ಮೊದಲು ಹೇಳಿದೆ: ಇಲ್ಲಿ ಹಸಿದವರಿಗೆ ಅನ್ನ ಕೊಡುತ್ತಿದ್ದರು, ರೋಗಿಗಳಿಗೆ ಔಷಧ ಕೊಡುತ್ತಿದ್ದರು, ಹೆದರಿಕೊಂಡು ಬಂದವರಿಗೆ ಹೆದರಬೇಡ ಎನ್ನುತ್ತಿದ್ದರು. ‘ಅಷ್ಟೇನಾ?’ ಎಂದು ಹುಡುಗ ಮತ್ತೆ ಓಡಿದ. ಔಷಧವನ್ನೂ ಅಭಯವನ್ನೂ ಒಂದೇ ಪಟ್ಟಿಯಲ್ಲಿ ಇಟ್ಟ ಆ ಹಿರಿಯರನ್ನು ನೆನೆಯುತ್ತ ನಾನು ನಿಂತಿದ್ದೆ. ನನ್ನ ಮಗ ಚಿಕ್ಕವನಾಗಿದ್ದಾಗ ನನ್ನ ಚಪ್ಪಲಿಯ ಸದ್ದು ಕೇಳಿದರೆ ಪುಸ್ತಕ ತೆರೆದು ಕೂರುತ್ತಿದ್ದ. ಅದನ್ನು ಓದು ಎಂದುಕೊಂಡಿದ್ದೆ, ಅದು ಭಯವಾಗಿತ್ತು. ಈ ಮಾತನ್ನು ಅಲ್ಲಿಯೇ ಅವನಿಗೆ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಇರಲಿ ಬಿಡಿ ಅಪ್ಪ, ಬಸ್ಸಿಗೆ ಹೊತ್ತಾಯಿತು’ ಎಂದ. ಹೊತ್ತು ನೆನಪಿಟ್ಟುಕೊಂಡವನು ಅಂದು ಅವನೇ.

(ಆಕಾಶವಾಣಿಯಲ್ಲಿ ಮಾಡಿದ ಭಾಷಣ)